ಶಾರ್ಟ್ ಲಿಂಕ್‌ನ ಪಟ್ಟಿ ಯಾರ ಹತ್ತಿರ ಇದೆ?

ಗೂಗಲ್‌ನ ಹಳೆಯ ಶಾರ್ಟ್ ಲಿಂಕ್‌ಗಳಲ್ಲಿ ಬಹಳಷ್ಟು 2025ರ ಆಗಸ್ಟ್ 25ರಂದು ಕೆಲಸ ನಿಲ್ಲಿಸಿದವು. ಗೂ.ಜಿಎಲ್ ಎಂದು ಶುರುವಾಗುವ ಈ ಚಿಕ್ಕ ವಿಳಾಸಗಳನ್ನು ಹತ್ತು ವರ್ಷದ ಹಿಂದೆ ಎಲ್ಲ ಕಡೆ ಹಾಕುತ್ತಿದ್ದರು. ಪುಸ್ತಕದ ಅಡಿಟಿಪ್ಪಣಿಯಲ್ಲಿ, ಕಾರ್ಯಕ್ರಮದ ಪೋಸ್ಟರಿನಲ್ಲಿ, ಕಾಲೇಜಿನ ನೋಟ್ಸಿನಲ್ಲಿ. ಅಚ್ಚಾದ ಕಾಗದ ಹಾಗೇ ಇದೆ. ಅದರ ಮೇಲಿನ ವಿಳಾಸ ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ಕಡೆ, ಮೆಸೇಜಿನಲ್ಲಿ ಬರುವ ಚಿಕ್ಕ ಲಿಂಕ್ ಮುಟ್ಟಬೇಡಿ ಎಂದು ಬ್ಯಾಂಕಿನವರೂ ಪೊಲೀಸರೂ ಹೇಳುತ್ತಲೇ ಇದ್ದಾರೆ. ಹಾಗಾದರೆ ಈ ಶಾರ್ಟ್ ಲಿಂಕ್ ಅಂದರೆ ಏನು? ಹೇಗೆ ಕೆಲಸ ಮಾಡುತ್ತದೆ? ಕೆಲವರು ತಮ್ಮ ಸ್ವಂತ ವೆಬ್‌ಸೈಟಿನಲ್ಲೇ ಅದಕ್ಕೊಂದು ಬೇರೆ ವಿಭಾಗ ಮಾಡಿಕೊಳ್ಳುವುದು ಯಾಕೆ? ಬುಡದಿಂದ ನೋಡೋಣ.

## ಲಿಂಕ್ ಯಾಕೆ ಅಷ್ಟು ಉದ್ದ ಇರುತ್ತದೆ?

ಪ್ರತಿ ವೆಬ್ ಪುಟಕ್ಕೂ ಒಂದು ವಿಳಾಸ ಇರುತ್ತದೆ. ಅದರ ಮೊದಲ ಭಾಗ ಡೊಮೇನ್, ಅಂದರೆ ಸೈಟಿನ ಹೆಸರು. ಅದಾದ ಮೇಲೆ ಓರೆಗೆರೆ ಹಾಕಿ ಬರುವುದು, ಆ ಸೈಟಿನ ಒಳಗೆ ಪುಟ ಎಲ್ಲಿದೆ ಎಂಬ ದಾರಿ. ಕೆಲವೊಮ್ಮೆ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಜೊತೆ ಒಂದು ಉದ್ದನೆಯ ಬಾಲವೂ ಇರುತ್ತದೆ. ನೀವು ಫೇಸ್‌ಬುಕ್‌ನಿಂದ ಬಂದಿರಾ, ಯಾವ ಜಾಹೀರಾತು ಒತ್ತಿದಿರಿ ಎಂದು ತಿಳಿದುಕೊಳ್ಳಲು ಹೆಚ್ಚಾಗಿ ಅದನ್ನು ಅಂಟಿಸಿರುತ್ತಾರೆ. ಎಷ್ಟೋ ಸಲ ಅದನ್ನು ಕತ್ತರಿಸಿ ಹಾಕಿದರೂ ಪುಟ ತೆರೆಯುತ್ತದೆ.

ಕನ್ನಡದವರಿಗೆ ಇನ್ನೊಂದು ತಾಪತ್ರಯ ಇದೆ. ಕನ್ನಡ ವಿಕಿಪೀಡಿಯದಲ್ಲಿ ‘ಬೆಂಗಳೂರು’ ಪುಟ ತೆರೆದರೆ ಬ್ರೌಸರಿನ ಮೇಲ್ಗಡೆ ಹೆಸರು ಕನ್ನಡದಲ್ಲೇ ಚೆಂದವಾಗಿ ಕಾಣುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡಿ. ಪರ್ಸೆಂಟ್ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಕಲಸಿಹೋದ ಒಂದು ದೊಡ್ಡ ಸಾಲು ಬರುತ್ತದೆ, ಅಲ್ವಾ? ಲಿಂಕ್ ಕೆಟ್ಟುಹೋಗಿದೆ ಎಂದು ಗಾಬರಿ ಬೇಡ. ವೆಬ್ ವಿಳಾಸದ ನಿಯಮ ಮಾಡಿದ್ದು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬೇರೆ ಲಿಪಿ ಬಂದರೆ ಅದನ್ನು ಬೈಟ್‌ಗಳಾಗಿ ಒಡೆದು ಬರೆಯಬೇಕು. ಬೈಟ್ ಅಂದರೆ ಕಂಪ್ಯೂಟರ್ ಮಾಹಿತಿಯನ್ನು ಇಟ್ಟುಕೊಳ್ಳುವ ಒಂದು ಚಿಕ್ಕ ಅಳತೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ‘ಕ’ಕ್ಕೆ ಮೂರು ಬೇಕು. ವಿಳಾಸದಲ್ಲಿ ಒಂದೊಂದು ಬೈಟನ್ನೂ ಒಂದು ಪರ್ಸೆಂಟ್ ಚಿಹ್ನೆ ಮತ್ತು ಅದರ ಮುಂದೆ ಎರಡು ಅಕ್ಷರ ಅಥವಾ ಅಂಕಿ ಹಾಕಿ ಬರೆಯುತ್ತಾರೆ. ಅಲ್ಲಿಗೆ ಒಂದು ‘ಕ’ ಒಂಬತ್ತು ಚಿಹ್ನೆ ಆಯಿತು.

ಒತ್ತು, ಕೊಂಬು, ಸೊನ್ನೆಗಳಿಗೂ ಕಂಪ್ಯೂಟರ್ ಬೇರೆ ಬೇರೆ ಲೆಕ್ಕ ಇಡುತ್ತದೆ. ‘ಬೆಂಗಳೂರು’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಎಂಟು: ಬ, ಎತ್ವ, ಸೊನ್ನೆ, ಗ, ಳ, ಅದರ ಉದ್ದ ಕೊಂಬು, ರ, ಅದರ ಕೊಂಬು. ಎಂಟೊಂಬತ್ಲ ಎಪ್ಪತ್ತೆರಡು. ಒಂದು ಊರಿನ ಹೆಸರಿಗೆ 72 ಚಿಹ್ನೆ. ಇನ್ನು ಇಡೀ ಲೇಖನದ ತಲೆಬರಹ ವಿಳಾಸದಲ್ಲಿ ಇದ್ದರೆ ಕೇಳುವುದೇ ಬೇಡ.

ಬ್ಲಾಗ್, ವೆಬ್‌ಸೈಟ್ ಮಾಡಲು ಬಳಸುವ ವರ್ಡ್‌ಪ್ರೆಸ್‌ ಎಂಬ ಸಾಫ್ಟ್‌ವೇರಿನಲ್ಲಿ ಕನ್ನಡ ಬರೆಯುವವರು ಇದನ್ನು ಇನ್ನೊಂದು ರೀತಿಯಲ್ಲಿ ನೋಡಿರುತ್ತಾರೆ. ತಲೆಬರಹದಿಂದ ವಿಳಾಸ ಮಾಡುವಾಗ ವರ್ಡ್‌ಪ್ರೆಸ್ ಅದನ್ನು 200 ಚಿಹ್ನೆಗೆ ಕತ್ತರಿಸುತ್ತದೆ. ಇಂಗ್ಲಿಷಿಗೆ 200 ಧಾರಾಳ. ಕನ್ನಡಕ್ಕೆ ಒಂಬತ್ತರಂತೆ ಭಾಗಿಸಿದರೆ ಸುಮಾರು 22. ಹಾಗಾಗಿ ತಲೆಬರಹ ಪದದ ಮಧ್ಯದಲ್ಲೇ ತುಂಡಾಗಿ ನಿಂತಿರುತ್ತದೆ.

## ಚಪ್ಪಲಿ ಸ್ಟ್ಯಾಂಡಿನ ಟೋಕನ್

ದೇವಸ್ಥಾನದ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇರುತ್ತದೆ. ನೀವು ಚಪ್ಪಲಿ ಕೊಡುತ್ತೀರಿ, ಅವರು 47 ಎಂದು ಬರೆದ ಟೋಕನ್ ಕೊಡುತ್ತಾರೆ. ಟೋಕನ್ನಿನ ಒಳಗೆ ಚಪ್ಪಲಿ ಇಲ್ಲ. 47ನೇ ಗೂಡು ಎಲ್ಲಿದೆ ಎಂದು ಸ್ಟ್ಯಾಂಡಿನವರಿಗೆ ಗೊತ್ತು, ಅಷ್ಟೇ. ಸ್ಟ್ಯಾಂಡ್ ಮುಚ್ಚಿಹೋದರೆ ಟೋಕನ್ ಇಟ್ಟುಕೊಂಡು ಏನೂ ಮಾಡಲಾಗದು.

ಶಾರ್ಟ್ ಲಿಂಕ್ ಇರುವುದೂ ಹೀಗೇ. ಉದ್ದದ ವಿಳಾಸವನ್ನು ಹೇಗೋ ಒತ್ತಿ ಕುಗ್ಗಿಸಿದ್ದಾರೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಏನನ್ನೂ ಕುಗ್ಗಿಸಿಲ್ಲ. ಲಿಂಕ್ ಕೊಟ್ಟ ಸಂಸ್ಥೆಯ ಸರ್ವರಿನಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ಎರಡು ಕಾಲಂ. ಎಡಗಡೆ ಚಿಕ್ಕ ಕೋಡ್, ಬಲಗಡೆ ಪೂರ್ತಿ ವಿಳಾಸ. ಸರ್ವರ್ ಅಂದರೆ ಯಾವಾಗಲೂ ಆನ್ ಆಗಿದ್ದು, ಕೇಳಿದವರಿಗೆ ಪುಟ ಕಳಿಸುವ ಕಂಪ್ಯೂಟರ್.

ನೀವು ಲಿಂಕ್ ಒತ್ತಿದಾಗ ಬ್ರೌಸರ್ ಮೊದಲು ಆ ಸರ್ವರಿಗೆ ಹೋಗಿ ಕೋಡ್ ಹೇಳುತ್ತದೆ. ಸರ್ವರ್ ಪಟ್ಟಿ ನೋಡಿ, ‘ನಿನಗೆ ಬೇಕಾದ್ದು ಇಲ್ಲಿಲ್ಲ, ಆ ವಿಳಾಸಕ್ಕೆ ಹೋಗು’ ಎನ್ನುತ್ತದೆ. ಬ್ರೌಸರ್ ತಕ್ಷಣ ಅಲ್ಲಿಗೆ ಹೋಗುತ್ತದೆ. ಇದನ್ನೇ ರೀಡೈರೆಕ್ಟ್ ಎನ್ನುವುದು. ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವುದರಿಂದ ಮಧ್ಯೆ ಇನ್ನೊಬ್ಬರ ಬಾಗಿಲು ತಟ್ಟಿ ಬಂದದ್ದು ನಮಗೆ ಗೊತ್ತೇ ಆಗುವುದಿಲ್ಲ.

‘ಆ ವಿಳಾಸಕ್ಕೆ ಹೋಗು’ ಎನ್ನುವುದರಲ್ಲೂ ಎರಡು ಬಗೆ ಇದೆ. ಸರ್ವರ್ 301 ಎಂಬ ಅಂಕಿ ಕಳಿಸಿದರೆ ಇದು ಕಾಯಂ ಬದಲಾವಣೆ ಎಂದರ್ಥ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ನೇರವಾಗಿ ಹೋಗಬಹುದು. 302 ಕಳಿಸಿದರೆ ತಾತ್ಕಾಲಿಕ. ಪ್ರತಿ ಸಲವೂ ಬಂದು ಕೇಳಬೇಕು. ಎಲ್ಲರಿಗೂ ಗೊತ್ತಿರುವ 404 ಇದೇ ಕುಟುಂಬದ್ದು. ಕೇಳಿದ್ದು ಸಿಗಲಿಲ್ಲ ಎಂಬ ಉತ್ತರ ಅದು.

## ಆರು ಅಕ್ಷರದಲ್ಲಿ ಎಷ್ಟು ವಿಳಾಸ ಹಿಡಿಸುತ್ತದೆ?

ಇಂಗ್ಲಿಷಿನ 26 ಚಿಕ್ಕಕ್ಷರ, 26 ದೊಡ್ಡಕ್ಷರ, 10 ಅಂಕಿ. ಒಟ್ಟು 62. ಕೋಡಿನ ಪ್ರತಿ ಜಾಗದಲ್ಲೂ ಈ 62ರಲ್ಲಿ ಯಾವುದಾದರೂ ಬರಬಹುದು. ಐದು ಜಾಗ ಇದ್ದರೆ 91 ಕೋಟಿಗೂ ಹೆಚ್ಚು ಕೋಡ್ ಸಿಗುತ್ತವೆ. ಆರಾದರೆ 5,680 ಕೋಟಿ. ಏಳಾದರೆ ಮೂರೂವರೆ ಲಕ್ಷ ಕೋಟಿ ದಾಟುತ್ತದೆ.

ಕೇಳಲು ದೊಡ್ಡ ಸಂಖ್ಯೆ. ಆದರೆ ಕಂಪ್ಯೂಟರಿಗೆ ಐದಾರು ಅಕ್ಷರ ದೊಡ್ಡದಲ್ಲ. ಅದು ಸುಮ್ನೆ ಒಂದಾದ ಮೇಲೊಂದು ಕೋಡ್ ಹಾಕಿ ನೋಡುತ್ತಾ ಹೋಗಬಹುದು. ಅಮೆರಿಕದ ಕಾರ್ನೆಲ್ ಟೆಕ್‌ನ ಇಬ್ಬರು ಸಂಶೋಧಕರು 2016ರಲ್ಲಿ ಇದನ್ನೇ ಮಾಡಿ ತೋರಿಸಿದರು. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ, ಅಂದರೆ ಇಂಟರ್‌ನೆಟ್‌ನಲ್ಲಿ ಫೈಲ್ ಇಡುವ ಜಾಗದಲ್ಲಿ, ಜನ ಇಟ್ಟ ಫೈಲುಗಳಿಗೆ, ಗೂಗಲ್ ಮ್ಯಾಪ್ಸ್‌ಗೆ ಹೋಗುವ ಶಾರ್ಟ್ ಲಿಂಕ್‌ಗಳನ್ನು ಊಹಿಸುತ್ತಾ ಹೋದರು. ಯಾರ್ಯಾರದೋ ಖಾಸಗಿ ಫೈಲು ತೆರೆದುಕೊಂಡವು. ಯಾರೋ ಮನೆಯಿಂದ ಯಾವುದೋ ಆಸ್ಪತ್ರೆಗೆ ಹುಡುಕಿದ ದಾರಿಯೂ ಸಿಕ್ಕಿತು. ಅದಾದ ಮೇಲೆ ಗೂಗಲ್ ಮ್ಯಾಪ್ಸ್‌ನ ಕೋಡನ್ನು ಐದರಿಂದ ಹನ್ನೊಂದು ಹನ್ನೆರಡು ಅಕ್ಷರಕ್ಕೆ ಉದ್ದ ಮಾಡಿದರು.

‘ಲಿಂಕ್ ಇದ್ದವರಿಗೆ ಮಾತ್ರ’ ಎಂದು ಹಂಚಿಕೊಂಡ ಫೈಲಿಗೆ ಉದ್ದದ ವಿಳಾಸವೇ ಬೀಗ ಇದ್ದಂತೆ. ಅದನ್ನು ಚಿಕ್ಕದು ಮಾಡಿದರೆ ಬೀಗವೂ ಸಡಿಲ. ಆಧಾರ್ ಪ್ರತಿ, ಮಾರ್ಕ್ಸ್ ಕಾರ್ಡ್, ಮನೆಯ ಫೋಟೊ ಇರುವ ಫೋಲ್ಡರಿಗೆ ಶಾರ್ಟ್ ಲಿಂಕ್ ಮಾಡಲೇಬಾರದು.

## 140 ಅಕ್ಷರದ ಕಾಲ

ಶಾರ್ಟ್ ಲಿಂಕ್ ಜನಕ್ಕೆ ಪರಿಚಯವಾದದ್ದು 2002ರಲ್ಲಿ ಶುರುವಾದ ಟೈನಿಯುಆರ್‌ಎಲ್‌ನಿಂದ. ಅದನ್ನು ಮಾಡಿದ ಕೆವಿನ್ ಗಿಲ್ಬರ್ಟ್‌ಸನ್‌ಗೆ ಒಂಟಿ ಚಕ್ರದ ಸೈಕಲ್ ಹುಚ್ಚು. ಉದ್ದದ ವಿಳಾಸಗಳು ಇಮೇಲಿನಲ್ಲಿ ಎರಡು ಸಾಲಾಗಿ ಮುರಿದು ಕೆಲಸ ಮಾಡದೇ ಹೋಗುತ್ತಿದ್ದ ಕಾಲ ಅದು.

ಆಮೇಲೆ ಟ್ವಿಟರ್ ಬಂತು. ಒಂದು ಎಸ್ಸೆಮ್ಮೆಸ್‌ಗೆ ಇಂಗ್ಲಿಷಿನಲ್ಲಿ 160 ಅಕ್ಷರದ ಮಿತಿ. ಅದರೊಳಗೆ ಹಿಡಿಸಬೇಕೆಂದು ಟ್ವಿಟರ್ 140ಕ್ಕೆ ನಿಂತಿತು. ಅಷ್ಟರಲ್ಲಿ 100 ಅಕ್ಷರದ ಲಿಂಕ್ ಹಾಕಿದರೆ ಮಾತಾಡಲು ಜಾಗ ಎಲ್ಲಿ? 2008ರಲ್ಲಿ ಬಿಟ್.ಲಿ ಹುಟ್ಟಿತು. 2009ರ ಡಿಸೆಂಬರಿನಲ್ಲಿ ಗೂಗಲ್ ತನ್ನ ಗೂ.ಜಿಎಲ್ ತಂದಿತು. ಟ್ವಿಟರ್ ತನ್ನದೇ ಟಿ.ಕೋ ಮಾಡಿಕೊಂಡಿತು. ಈಗ ಅಲ್ಲಿ ಎಷ್ಟೇ ಉದ್ದದ ಲಿಂಕ್ ಹಾಕಿದರೂ 23 ಅಕ್ಷರ ಎಂದೇ ಲೆಕ್ಕ.

ಕನ್ನಡದ ಎಸ್ಸೆಮ್ಮೆಸ್‌ಗೆ ಮಿತಿ ಇನ್ನೂ ಬಿಗಿ. ಕನ್ನಡ ಲಿಪಿ ಬಳಸಿದ ಕೂಡಲೇ ಸಾಮಾನ್ಯವಾಗಿ ಒಂದು ಮೆಸೇಜಿಗೆ ಸಿಗುವುದು 70 ಚಿಹ್ನೆ ಮಾತ್ರ. ಮೇಲೆ ಹೇಳಿದ ‘ಬೆಂಗಳೂರು’ ಲಿಂಕ್ ಒಂದೇ ಅದನ್ನು ಮೀರುತ್ತದೆ. ಸಾವಿರಾರು ಜನಕ್ಕೆ ಕನ್ನಡದಲ್ಲಿ ಮೆಸೇಜ್ ಕಳಿಸುವವರು ಲಿಂಕ್ ಚಿಕ್ಕದು ಮಾಡುವುದು ಷೋಕಿಗಲ್ಲ, ಒಂದು ಮೆಸೇಜ್ ಎರಡು ಮೂರಾಗಿ ಖರ್ಚು ಜಾಸ್ತಿ ಆಗುತ್ತದೆಂದು.

ಇವತ್ತು ವಾಟ್ಸಾಪ್‌ನಲ್ಲಿ ಜಾಗದ ಕೊರತೆ ಇಲ್ಲ. ಆದರೂ ಶಾರ್ಟ್ ಲಿಂಕ್ ಹೋಗಿಲ್ಲ. ಒಂದು ಕಾರಣ ಕ್ಯೂಆರ್ ಕೋಡ್. ವಿಳಾಸ ಉದ್ದವಾದಷ್ಟೂ ಅದರ ಚೌಕಗಳು ಜಾಸ್ತಿಯಾಗಿ, ಒತ್ತೊತ್ತಾಗಿ, ಲಗ್ನಪತ್ರಿಕೆಯ ಮೂಲೆಯಲ್ಲಿ ಚಿಕ್ಕದಾಗಿ ಅಚ್ಚಾದಾಗ ಫೋನು ಓದಲು ಒದ್ದಾಡುತ್ತದೆ. ಇನ್ನೊಂದು ಕಾರಣ ಲೆಕ್ಕ. ಲಿಂಕ್ ಒತ್ತಿದಾಗ ಮೊದಲು ಹೋಗುವುದು ಶಾರ್ಟ್ ಲಿಂಕ್ ಕಂಪನಿಯ ಸರ್ವರಿಗೆ ಅಂದೆವಲ್ಲ. ಯಾವ ಹೊತ್ತಿನಲ್ಲಿ, ಸುಮಾರು ಯಾವ ಊರಿನಿಂದ, ಯಾವ ಬಗೆಯ ಫೋನಿನಿಂದ ಒತ್ತಿದರು ಎಂದು ಅವರು ಬರೆದಿಟ್ಟುಕೊಳ್ಳಬಹುದು. ವ್ಯಾಪಾರದವರಿಗೆ ಬೇಕಾಗಿರುವುದು ಹೆಚ್ಚಾಗಿ ಇದೇ.

## ಪಟ್ಟಿ ಮುಚ್ಚಿದಾಗ

ಗೂ.ಜಿಎಲ್ ಒಂದೇ ದಿನದಲ್ಲಿ ಮುಚ್ಚಲಿಲ್ಲ. 2018ರಲ್ಲಿ ಗೂಗಲ್ ಮೊದಲ ಸೂಚನೆ ಕೊಟ್ಟಿತು. 2019ರ ಮಾರ್ಚ್ ಕೊನೆಗೆ ಹೊಸ ಲಿಂಕ್ ಮಾಡುವುದು ನಿಂತಿತು. ಹಳೆಯವು ನಡೆಯುತ್ತಿದ್ದವು. 2024ರ ಜುಲೈನಲ್ಲಿ, ಮುಂದಿನ ವರ್ಷದ ಆಗಸ್ಟ್ 25ರಿಂದ ಹಳೆಯವೂ 404 ತೋರಿಸುತ್ತವೆ ಎಂದರು. ನೂರಕ್ಕೆ 99ಕ್ಕೂ ಹೆಚ್ಚು ಲಿಂಕ್‌ಗಳನ್ನು ಹಿಂದಿನ ತಿಂಗಳು ಒಬ್ಬರೂ ಒತ್ತಿರಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ಗಡುವಿಗೆ ಮೂರು ವಾರ ಇರುವಾಗ ಸ್ವಲ್ಪ ಸಡಿಲ ಮಾಡಿದರು. ಬಳಕೆಯಲ್ಲಿ ಇರುವ ಲಿಂಕ್‌ಗಳನ್ನು ಉಳಿಸಿ, 2024ರ ಕೊನೆಯ ಹೊತ್ತಿಗೆ ಯಾರೂ ಮುಟ್ಟದೆ ಇದ್ದವನ್ನಷ್ಟೇ ನಿಲ್ಲಿಸಿದರು. ಗೂಗಲ್ ಮ್ಯಾಪ್ಸ್‌ನಲ್ಲಿ ಶೇರ್ ಒತ್ತಿದಾಗ ಬರುವ ಲಿಂಕ್‌ಗಳಿಗೆ ಇದು ತಟ್ಟಿಲ್ಲ.

ಯಾರೂ ಮುಟ್ಟದ ಲಿಂಕ್ ಹೋದರೆ ಏನು ನಷ್ಟ ಎನ್ನಬಹುದು. ಆದರೆ ಲೈಬ್ರರಿಯಲ್ಲಿರುವ ಪುಸ್ತಕದ ಅಡಿಟಿಪ್ಪಣಿಯನ್ನು ತಿಂಗಳಿಗೊಬ್ಬರು ನೋಡುವುದಿಲ್ಲ. ಐದು ವರ್ಷಕ್ಕೊಬ್ಬರು ನೋಡುತ್ತಾರೆ, ಅವರಿಗೆ ಅದು ಬೇಕೇ ಬೇಕಾಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಾಮಾನ್ಯ ಪುಟ ಮಾಯವಾದರೆ ಅದರ ಪೂರ್ತಿ ವಿಳಾಸ ಇಟ್ಟುಕೊಂಡು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪ್ರತಿ ಹುಡುಕಬಹುದು. ವಿಳಾಸ ನೋಡಿಯೇ ಯಾವ ಪತ್ರಿಕೆ, ಯಾವ ವರ್ಷ ಎಂದು ಊಹಿಸಲೂಬಹುದು. ಶಾರ್ಟ್ ಲಿಂಕ್‌ನಲ್ಲಿ ಅದ್ಯಾವ ಸುಳಿವೂ ಇಲ್ಲ. ಬಲಗಡೆಯ ಕಾಲಂ ಹೋದರೆ, ಗುರಿಯ ಪುಟ ಚೆನ್ನಾಗೇ ಇದ್ದರೂ ಅಲ್ಲಿಗೆ ಹೋಗುವ ದಾರಿ ಇಲ್ಲ. ಹಾಗೆಂದೇ ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಇಂಥ ಪಟ್ಟಿಗಳನ್ನು ವರ್ಷಗಳಿಂದ ನಕಲು ಮಾಡಿ ಇಡುತ್ತಿದೆ.

ಕಂಪನಿ ಮುಚ್ಚದಿದ್ದರೂ ಡೊಮೇನ್ ಕೈತಪ್ಪಬಹುದು. ಬಿಟ್.ಲಿ, ಗೂ.ಜಿಎಲ್ ಇವುಗಳ ಕೊನೆಯ ಎರಡಕ್ಷರ ಇದೆಯಲ್ಲ, ಅದು ದೇಶಗಳಿಗೆ ಕೊಟ್ಟಿರುವ ಗುರುತು. ಬಿಟ್.ಲಿಯದು ಲಿಬಿಯಾ, ಗೂ.ಜಿಎಲ್‌ನದು ಗ್ರೀನ್‌ಲ್ಯಾಂಡ್, ಯೂಟ್ಯೂಬಿನ ಚಿಕ್ಕ ಲಿಂಕ್ ಬೆಲ್ಜಿಯಂ. ಲಿಂಕ್ಡ್‌ಇನ್ ತನ್ನ ಹೆಸರಿನ ಕೊನೆಗೆ ಸರಿಹೊಂದುತ್ತದೆ ಎಂದು ನಮ್ಮ ಭಾರತದ್ದನ್ನೇ ಬಳಸುತ್ತದೆ. ಎರಡಕ್ಷರ ಯಾವ ದೇಶದ್ದೋ ಅಲ್ಲಿನ ನಿಯಮ ನಡೆಯುತ್ತದೆ. 2010ರಲ್ಲಿ ವಿಬಿ.ಲಿ ಎಂಬ ಶಾರ್ಟ್ ಲಿಂಕ್ ಸೇವೆಯ ಡೊಮೇನನ್ನು ತಮ್ಮ ದೇಶದ ಕಾನೂನಿಗೆ ವಿರುದ್ಧ ಎಂದು ಲಿಬಿಯಾದವರು ಕಿತ್ತುಕೊಂಡರು. ಅದರ ಲಿಂಕ್‌ಗಳೆಲ್ಲ ಒಮ್ಮೆಗೇ ಸತ್ತವು.

ಡೊಮೇನ್ ಬೇರೆಯವರ ಪಾಲಾದರೆ ಇನ್ನೂ ಮುಜುಗರ. ಹೈಂಜ್ ಕಂಪನಿ ಜರ್ಮನಿಯಲ್ಲಿ ಕೆಚಪ್ ಬಾಟಲಿಯ ಮೇಲೆ ಒಂದು ಸ್ಪರ್ಧೆಗಾಗಿ ಕ್ಯೂಆರ್ ಕೋಡ್ ಹಾಕಿತ್ತು. ಸ್ಪರ್ಧೆ ಮುಗಿಯಿತು, ಡೊಮೇನಿನ ನೋಂದಣಿ ಮುಂದುವರಿಸಲಿಲ್ಲ, ಅದನ್ನು ಅಶ್ಲೀಲ ಸೈಟಿನವರು ಕೊಂಡುಕೊಂಡರು. ಬಾಟಲಿಗಳು ಮಾತ್ರ ಇನ್ನೂ ಅಡುಗೆಮನೆಗಳಲ್ಲಿ ಇದ್ದವು. 2015ರಲ್ಲಿ ಒಬ್ಬರು ಸ್ಕ್ಯಾನ್ ಮಾಡಿ ನೋಡಿ ಬೆಚ್ಚಿಬಿದ್ದರು. ಕಂಪನಿ ಕ್ಷಮೆ ಕೇಳಿತು.

## ಮೆಸೇಜಿನಲ್ಲಿ ಬಂದರೆ ಏನು ಮಾಡುವುದು?

ವಂಚಕರಿಗೆ ಶಾರ್ಟ್ ಲಿಂಕ್ ಇಷ್ಟವಾಗುವುದು ಗುರಿ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಟ್ರಾಫಿಕ್ ಫೈನ್ ಬಾಕಿ ಇದೆ, ರಾತ್ರಿಗೆ ಕರೆಂಟ್ ಕಟ್ ಆಗುತ್ತದೆ, ಕೆವೈಸಿ ಮುಗಿದಿದೆ ಎಂದು ಹೆದರಿಸಿ ಒಂದು ಚಿಕ್ಕ ಲಿಂಕ್ ಕೊಡುತ್ತಾರೆ. ಒತ್ತಿದರೆ ಬ್ಯಾಂಕಿನ ಹಾಗೆ ಕಾಣುವ ನಕಲಿ ಪುಟ, ಇಲ್ಲದಿದ್ದರೆ ಎಪಿಕೆ ಫೈಲ್. ಎಪಿಕೆ ಎಂದರೆ ಪ್ಲೇ ಸ್ಟೋರಿನ ಹಂಗಿಲ್ಲದೆ ನೇರವಾಗಿ ಫೋನಿಗೆ ಹಾಕಿಕೊಳ್ಳುವ ಆ್ಯಪ್. ಅದನ್ನು ಹಾಕಿಕೊಂಡರೆ ಒಟಿಪಿ ಬಂದ ಮೆಸೇಜನ್ನೂ ಅದು ಓದಬಹುದು.

ಭಾರತದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಅಕ್ಟೋಬರ್ 1ರಿಂದ ಒಂದು ನಿಯಮ ತಂದಿದೆ. ಕಂಪನಿಗಳು ಎಸ್ಸೆಮ್ಮೆಸ್‌ನಲ್ಲಿ ಹಾಕುವ ಲಿಂಕನ್ನು ಮೊದಲೇ ನೋಂದಾಯಿಸಿರಬೇಕು. ಇಲ್ಲದಿದ್ದರೆ ಟೆಲಿಕಾಂ ಕಂಪನಿ ಆ ಮೆಸೇಜನ್ನೇ ತಡೆಯಬೇಕು. ಕಳಿಸಿದವರ ಹೆಸರಿನ ಕೊನೆಯಲ್ಲಿ ಈಗ ಒಂದು ಗುರುತಿನ ಅಕ್ಷರವೂ ಇರುತ್ತದೆ. ಜಿ ಇದ್ದರೆ ಸರ್ಕಾರದ್ದು, ಪಿ ಇದ್ದರೆ ಜಾಹೀರಾತು, ಎಸ್ ಮತ್ತು ಟಿ ಇದ್ದರೆ ಸೇವೆ ಮತ್ತು ವ್ಯವಹಾರದ್ದು. ಹತ್ತಂಕಿಯ ಮೊಬೈಲ್ ನಂಬರಿನಿಂದ ‘ಬ್ಯಾಂಕ್’ ಮೆಸೇಜ್ ಬಂದರೆ ಅಲ್ಲಿಗೇ ಅನುಮಾನ ಪಡಿ. ಈ ಜರಡಿ ಇರುವುದು ಎಸ್ಸೆಮ್ಮೆಸ್‌ಗೆ. ವಾಟ್ಸಾಪ್‌ನಲ್ಲಿ ಬಂದದ್ದಕ್ಕೆ ನಿಮಗೆ ನೀವೇ ಕಾವಲು.

ಒತ್ತದೆಯೇ ಗುರಿ ನೋಡಲು ದಾರಿ ಇದೆ. ಬಿಟ್.ಲಿ ಲಿಂಕಿನ ಕೊನೆಗೆ ಒಂದು ಪ್ಲಸ್ ಚಿಹ್ನೆ ಸೇರಿಸಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ತೋರಿಸುತ್ತದೆ. ಟೈನಿಯುಆರ್‌ಎಲ್ ಆದರೆ ಸೈಟಿನ ಹೆಸರಿಗೂ ಮೊದಲು ‘ಪ್ರಿವ್ಯೂ’ ಮತ್ತು ಒಂದು ಚುಕ್ಕೆಯನ್ನು ಇಂಗ್ಲಿಷಿನಲ್ಲಿ ಹಾಕಬೇಕು. ಇಷ್ಟೆಲ್ಲ ಯಾಕೆ ಎನಿಸಿದರೆ ಲಿಂಕ್ ಬಿಟ್ಟು ಬ್ಯಾಂಕಿನ ಆ್ಯಪನ್ನೇ ತೆರೆದು ನೋಡಿ, ಅದೇ ಸುಲಭ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು.

## ಸ್ವಂತ ಸೈಟಿನಲ್ಲಿ ಒಂದು ಮೂಲೆ

ಪಟ್ಟಿ ಬೇರೆಯವರ ಹತ್ತಿರ ಇರುವುದೇ ತೊಂದರೆಯ ಮೂಲ ಆದರೆ, ಅದನ್ನು ನಾವೇ ಇಟ್ಟುಕೊಳ್ಳಬಹುದಲ್ಲ? ಸ್ವಂತ ಡೊಮೇನ್ ಇದ್ದವರಿಗೆ ಇದು ದೊಡ್ಡ ಕೆಲಸವಲ್ಲ. ಡೊಮೇನ್ ಆದ ಮೇಲೆ ಒಂದು ಓರೆಗೆರೆ, ಒಂದು ಅಕ್ಷರ, ಇನ್ನೊಂದು ಓರೆಗೆರೆ. ಆಮೇಲೆ ಬರುವುದೆಲ್ಲ ಶಾರ್ಟ್ ಲಿಂಕ್ ಎಂದು ಗೊತ್ತು ಮಾಡಿಕೊಳ್ಳುತ್ತಾರೆ. ಹೀಗೆ ಬೇರೆ ವಿಭಾಗ ಮಾಡಿದರೆ ಲೇಖನಗಳ ವಿಳಾಸದ ಜೊತೆ ಗೊಂದಲ ಆಗುವುದಿಲ್ಲ. ಮುಂದೆ ಸೈಟನ್ನು ಬೇರೆ ಕಡೆ ಸಾಗಿಸಿದರೂ ಆ ವಿಭಾಗವನ್ನು ಗಂಟು ಕಟ್ಟಿ ಹಾಗೇ ಒಯ್ಯಬಹುದು.

ವರ್ಡ್‌ಪ್ರೆಸ್ ಬಳಸುವವರ ಹತ್ತಿರ ಅರ್ಧ ಕೆಲಸ ಆಗಲೇ ಆಗಿದೆ. ಪ್ರತಿ ಬರಹಕ್ಕೂ ಅಲ್ಲಿ ಒಂದು ನಂಬರ್ ಇರುತ್ತದೆ. ಡೊಮೇನ್ ಆದ ಮೇಲೆ ಪ್ರಶ್ನಾರ್ಥಕ ಚಿಹ್ನೆ, ಪಿ, ಸಮ ಚಿಹ್ನೆ, ಆ ನಂಬರ್ ಹಾಕಿದರೆ ಅದು ತಾನೇ ಪೂರ್ತಿ ವಿಳಾಸಕ್ಕೆ ಕರೆದುಕೊಂಡು ಹೋಗುತ್ತದೆ. 72 ಚಿಹ್ನೆಯ ಊರಿನ ಹೆಸರೂ ಬೇಡ, ಬೇರೆ ಕಂಪನಿಯೂ ಬೇಡ. ಹೊರಗಿನ ಪುಟಗಳಿಗೂ ಲಿಂಕ್ ಬೇಕಾದರೆ ರೀಡೈರೆಕ್ಟ್ ಪ್ಲಗಿನ್‌ಗಳು, ಅಂದರೆ ವರ್ಡ್‌ಪ್ರೆಸ್‌ಗೆ ಜೋಡಿಸಿಕೊಳ್ಳುವ ಚಿಕ್ಕ ಸಾಫ್ಟ್‌ವೇರ್‌ಗಳು, ಸಿಗುತ್ತವೆ. ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್‌ನಂಥ ಕಡೆ ಸೈಟ್ ಇಟ್ಟವರಿಗೆ ಒಂದು ಟೆಕ್ಸ್ಟ್ ಫೈಲ್ ಸಾಕು. ಸಾಲಿಗೊಂದರಂತೆ ಎಡಗಡೆ ಚಿಕ್ಕ ಹೆಸರು, ಬಲಗಡೆ ಪೂರ್ತಿ ವಿಳಾಸ. ಕ್ಲಿಕ್ ಲೆಕ್ಕವೂ ಬೇಕು ಎನ್ನುವವರು ಯುವರ್ಲ್ಸ್ ಎಂಬ ಉಚಿತ ಸಾಫ್ಟ್‌ವೇರನ್ನು ತಮ್ಮ ಸರ್ವರಿಗೆ ಹಾಕಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಟೆಕ್ಸ್ಟ್ ಫೈಲೇ ವಾಸಿ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇಟ್ಟರೆ ಬ್ಯಾಕಪ್ ಆಯಿತು.

ಚಿಕ್ಕ ಹೆಸರಿಗೆ ಮಾತ್ರ ಕನ್ನಡ ಲಿಪಿ ಬೇಡ. ‘ಹಬ್ಬ’ ಎಂದು ಕನ್ನಡದಲ್ಲಿ ಇಟ್ಟರೆ ಅದು ಮತ್ತೆ 36 ಚಿಹ್ನೆಗೆ ಊದಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಅದೇ ಹೆಸರಿಗೆ ಐದು ಸಾಕು. ಎಲ್ಲ ಚಿಕ್ಕಕ್ಷರದಲ್ಲೇ ಇರಲಿ, ಯಾಕೆಂದರೆ ಡೊಮೇನಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದ ಇಲ್ಲದಿದ್ದರೂ ಅದಾದ ಮೇಲೆ ಬರುವ ಭಾಗದಲ್ಲಿ ಬಹಳ ಕಡೆ ಇದೆ. ಎಲ್ ಅಕ್ಷರ ಒಂದರ ಹಾಗೆ, ಓ ಅಕ್ಷರ ಸೊನ್ನೆಯ ಹಾಗೆ ಕಾಣುವುದರಿಂದ ಕಾಗದ ನೋಡಿ ಟೈಪ್ ಮಾಡುವವರು ತಡವರಿಸುತ್ತಾರೆ.

ಶುರುವಿನಲ್ಲಿ 302 ಇಟ್ಟು ನೋಡಿ, ಎಲ್ಲ ಸರಿ, ಗುರಿ ಇನ್ನು ಬದಲಾಗುವುದಿಲ್ಲ ಎನಿಸಿದ ಮೇಲೆ ಮಾತ್ರ 301 ಮಾಡಿ. ಮೊದಲೇ 301 ಹಾಕಿ ತಪ್ಪು ವಿಳಾಸ ಕೊಟ್ಟರೆ, ಆಮೇಲೆ ನೀವು ತಿದ್ದಿದರೂ ನೋಡಿದವರ ಬ್ರೌಸರ್ ಹಳೆಯದನ್ನೇ ನೆನಪಿಟ್ಟುಕೊಂಡಿರಬಹುದು. ಒಮ್ಮೆ ಹಂಚಿದ ಹೆಸರನ್ನು ಬೇರೆ ಪುಟಕ್ಕೆ ಕೊಡಬೇಡಿ. 302 ಇಟ್ಟಿದ್ದರೆ, ಗುರಿಯ ಪುಟ ಜಾಗ ಬದಲಿಸಿದಾಗ ಪಟ್ಟಿಯ ಬಲಗಡೆ ತಿದ್ದಿದರಾಯಿತು. ಕ್ಯೂಆರ್ ಕೋಡ್ ಅಚ್ಚು ಹಾಕಿಸುವವರಿಗೆ ಇದರಿಂದ ದೊಡ್ಡ ಅನುಕೂಲ.

ಯಾರು ಬೇಕಾದರೂ ಬಂದು ಲಿಂಕ್ ಮಾಡಿಕೊಳ್ಳಲಿ ಎಂದು ಬಾಗಿಲು ತೆರೆದಿಡಲು ಹೋಗಬೇಡಿ. ಸ್ಪ್ಯಾಮ್ ಕಳಿಸುವವರು ಹುಡುಕಿಕೊಂಡು ಬರುತ್ತಾರೆ. ಅವರ ಲಿಂಕ್‌ಗಳಿಂದ ನಿಮ್ಮ ಡೊಮೇನಿನ ಹೆಸರೇ ತಡೆಪಟ್ಟಿಗೆ ಸೇರಿ, ನೀವು ಕಳಿಸಿದ ಇಮೇಲ್‌ಗಳೂ ಸ್ಪ್ಯಾಮ್ ಎನಿಸಿಕೊಳ್ಳಬಹುದು.

ಸ್ವಂತದ್ದು ಮಾಡಿಕೊಂಡರೆ ಜವಾಬ್ದಾರಿಯೂ ಸ್ವಂತದ್ದೇ. ಡೊಮೇನಿಗೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಮರೆತರೆ ಹೈಂಜ್ ಬಾಟಲಿಯ ಕಥೆ. ಹಾಗಾಗಿ ಪುಸ್ತಕದಲ್ಲೋ ಪೋಸ್ಟರಿನಲ್ಲೋ ಶಾರ್ಟ್ ಲಿಂಕ್ ಹಾಕುವಾಗ, ಅದು ಯಾರದ್ದೇ ಆಗಿರಲಿ, ಪಕ್ಕದಲ್ಲಿ ಲೇಖನದ ತಲೆಬರಹ, ಬರೆದವರ ಹೆಸರು, ಸೈಟಿನ ಹೆಸರನ್ನೂ ಹಾಕಿ. ಲಿಂಕ್ ಸತ್ತರೂ ಓದುಗರು ಆ ಮೂರನ್ನು ಇಟ್ಟುಕೊಂಡು ಹುಡುಕಬಹುದು.